ಜಾತ್ರೆಯ ಜನ, ಸಂತೆಯ ಜನ: ಕಾಲೇಜು ಐಸ್ ಹಾಕಿಯ ಯಾವ ನಿಯಮ ಯಾರನ್ನು ಕರೆತರುತ್ತದೆ?

ಸೀಸನ್ ಮುಗಿದ ಮೇಲೆ ನಮ್ಮೂರ ಕಾಲೇಜಿನಿಂದ ಒಂದು ಮೇಲ್ ಬಂತು. ಐಸ್ ಹಾಕಿಗೆ ಸೀಸನ್ ಟಿಕೆಟ್ ತೆಗೆದುಕೊಂಡವರಿಗೆಲ್ಲ ಕಳಿಸಿದ್ದರು. ಹತ್ತು ಪ್ರಶ್ನೆ ಇದ್ದವು. ಅದರಲ್ಲಿ ಒಂದು ಹೀಗಿತ್ತು: ಆಟಕ್ಕೆ ಇನ್ನೂ ಜಾಸ್ತಿ ಜನ ಬರಬೇಕಾದರೆ ನಿಯಮಗಳಲ್ಲಿ ಏನು ಬದಲಾಗಬೇಕು? ಕೆಳಗೆ ಟಿಕ್ ಹಾಕುವ ಚೌಕಗಳು.

ಅದೇ ಮೇಲ್ ನಮ್ಮ ಕನ್ನಡ ಕೂಟದ ಇನ್ನೂ ಮೂರು ಮನೆಗೆ ಹೋಗಿತ್ತು. ಅವರ ಮಕ್ಕಳು ಅಲ್ಲೇ ಓದುತ್ತಿದ್ದಾರೆ. "ಯಾವುದಕ್ಕೆ ಟಿಕ್ ಹಾಕೋದು, ನೀವೇ ಹೇಳಿ" ಅಂತ ಫೋನ್ ಮಾಡಿದರು. ನಾನು ಅಮೆರಿಕದ ಮಿಷಿಗನ್ ರಾಜ್ಯಕ್ಕೆ ಬಂದು ಹದಿನೇಳು ವರ್ಷ ಆಯಿತು. ಚಳಿಗಾಲದ ಶುಕ್ರವಾರ, ಶನಿವಾರ ಸಂಜೆ ನಾನು ಸಿಗುವುದು ರಿಂಕ್‌ನಲ್ಲೇ, ಅಂದರೆ ಐಸ್ ಮೈದಾನದಲ್ಲೇ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಇದಲ್ಲ ಅನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ.

ಹಾಕಿ ಅಂದರೆ ನಮಗೆ ಕೊಡಗು ನೆನಪಾಗುತ್ತದೆ. ಇದು ಆ ಹಾಕಿ ಅಲ್ಲ. ಮಂಜುಗಡ್ಡೆಯ ಮೇಲೆ ಸ್ಕೇಟ್ ಹಾಕಿಕೊಂಡು ಆಡುವ ಆಟ. ಚೆಂಡಿನ ಬದಲು ರಬ್ಬರಿನ ಚಪ್ಪಟೆ ಪಕ್. ಒಂದು ಕಡೆ ಐದು ಜನ ಆಟಗಾರರು, ಒಬ್ಬ ಗೋಲಿ, ಅಂದರೆ ಗೋಲು ಕಾಯುವವನು. ಇಪ್ಪತ್ತು ಇಪ್ಪತ್ತು ನಿಮಿಷದ ಮೂರು ಪಿರಿಯಡ್. ಅಮೆರಿಕದ ಕಾಲೇಜುಗಳಲ್ಲಿ ಇದರ ನಿಯಮ ಮಾಡುವುದು ಎನ್‌ಸಿಎಎ ಅನ್ನುವ ಕಾಲೇಜು ಕ್ರೀಡಾ ಸಂಸ್ಥೆ. ಮೊದಲ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆದದ್ದು 1948ರಲ್ಲಿ, ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ. ಆವತ್ತು ಮಿಷಿಗನ್ ಯೂನಿವರ್ಸಿಟಿ 8-4ರಿಂದ ಡಾರ್ಟ್‌ಮತ್ ಕಾಲೇಜನ್ನು ಸೋಲಿಸಿತ್ತು. ಈಗ ಹದಿನಾರು ತಂಡಗಳ ಟೂರ್ನಿ. ಕೊನೆಯ ನಾಲ್ಕು ತಂಡಗಳ ಹಬ್ಬಕ್ಕೆ ಫ್ರೋಜನ್ ಫೋರ್ ಅಂತ ಹೆಸರು.

ಅಳೆಯುವುದು ಹೇಗೆ?

ನಿಯಮ ಬದಲಾದಾಗಲೆಲ್ಲ ಇಲ್ಲಿ ಒಂದು ಮಾತು ಕೇಳುತ್ತೇನೆ. "ಇದರಿಂದ ಬರುವವರು ಸರಿಯಾದ ಅಭಿಮಾನಿಗಳಲ್ಲ." ಈ ಮಾತು ನನಗೆ ಮೊದಲಿನಿಂದಲೂ ಚುಚ್ಚುತ್ತದೆ. ನಾನು ಮೊದಲ ಸಲ ಹೋದಾಗ ನನಗೆ ಪಕ್ ಎಲ್ಲಿದೆ ಅಂತಲೇ ಕಾಣುತ್ತಿರಲಿಲ್ಲ. ಎಲ್ಲರೂ ಎದ್ದಾಗ ಎದ್ದೆ, ಎಲ್ಲರೂ ಕೂತಾಗ ಕೂತೆ. ಪಕ್ಕದಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಕೂತಿದ್ದರು. ಆಫ್‌ಸೈಡ್ ಅಂದರೆ ಏನು ಅಂತ ಪಾಪ್‌ಕಾರ್ನ್ ಡಬ್ಬದ ಮೇಲೆ ಗೆರೆ ಎಳೆದು ತೋರಿಸಿದರು. ಆವತ್ತು ನಾನು ಸರಿಯಾದ ಅಭಿಮಾನಿ ಆಗಿದ್ದೆನಾ? ಇಲ್ಲ. ಆದರೆ ಮುಂದಿನ ವಾರ ಮತ್ತೆ ಹೋದೆ.

ನಮ್ಮ ಊರುಗಳಲ್ಲಿ ಜಾತ್ರೆಗೂ ಜನ ಸೇರುತ್ತಾರೆ, ಸಂತೆಗೂ ಸೇರುತ್ತಾರೆ. ಜಾತ್ರೆಗೆ ವರ್ಷಕ್ಕೊಮ್ಮೆ ಬರುವವರು ತೇರು ನೋಡಿ, ಬತ್ತಾಸು ಕೊಂಡು ಹೋಗುತ್ತಾರೆ. ಸಂತೆಗೆ ಬರುವವರು ಪ್ರತಿ ವಾರ ಬರುತ್ತಾರೆ. ಅವರಿಗೆ ಅಂಗಡಿಯವರ ಹೆಸರು ಗೊತ್ತು. ಮಳೆ ಬಂದರೂ ಬರುತ್ತಾರೆ. ಎರಡೂ ಬೇಕು. ಜಾತ್ರೆ ಇಲ್ಲದ ಊರಿಗೆ ಕಳೆ ಇಲ್ಲ. ಆದರೆ ಊರಿನ ಹೊಟ್ಟೆ ತುಂಬುವುದು ಸಂತೆಯಿಂದ.

ಹಾಗಾಗಿ ಪ್ರತಿ ನಿಯಮಕ್ಕೂ ನಾನು ಕೇಳುವ ಪ್ರಶ್ನೆ ಒಂದೇ. ಇದನ್ನು ನೋಡಿ ಮೊದಲ ಸಲ ಬಂದವರು ಎರಡನೇ ಸಲ ಬರುತ್ತಾರಾ? ನವೆಂಬರ್ ತಿಂಗಳ ಚಳಿಯಲ್ಲಿ, ಕೆಳಗಿನ ಸ್ಥಾನದ ತಂಡದ ಎದುರಿನ ಆಟಕ್ಕೆ ಬರುತ್ತಾರಾ?

ಆಟ ಸಮ ಆದಾಗ: ಮೂರು ದಾರಿ

ಎಲ್ಲಕ್ಕಿಂತ ಜಾಸ್ತಿ ಜಗಳ ಇದರ ಮೇಲೆಯೇ. ಅರವತ್ತು ನಿಮಿಷ ಮುಗಿದು ಗೋಲು ಸಮ ಇದ್ದರೆ ಮುಂದೇನು?

ಹಳೆಯ ದಾರಿ ಸರಳ. ಐದು ನಿಮಿಷ ಓವರ್‌ಟೈಮ್. ಎಂದಿನಂತೆ ಐದು ಜನಕ್ಕೆ ಐದು ಜನ. ಯಾರಾದರೂ ಗೋಲು ಹೊಡೆದರೆ ಆಟ ಮುಗಿಯಿತು. ಇಲ್ಲದಿದ್ದರೆ ಡ್ರಾ. ಮನೆಗೆ ಹೋಗಿ.

ಎರಡನೇ ದಾರಿ 2020-21ರ ಸೀಸನ್‌ನಿಂದ ಬಂತು. ಓವರ್‌ಟೈಮ್ ಐದೇ ನಿಮಿಷ, ಆದರೆ ಒಂದೊಂದು ಕಡೆ ಮೂರೇ ಜನ ಆಟಗಾರರು. ಎನ್‌ಎಚ್‌ಎಲ್ ಅಂದರೆ ವೃತ್ತಿಪರ ಲೀಗ್ ಇದನ್ನು 2015-16ರಲ್ಲೇ ತಂದಿತ್ತು. ಐಸ್ ಮೇಲೆ ಜಾಗ ಜಾಸ್ತಿ, ಓಟ ಜಾಸ್ತಿ, ಅವಕಾಶ ಜಾಸ್ತಿ.

ಮೂರನೇ ದಾರಿ ಶೂಟೌಟ್. ಮೂರು ಜನರ ಓವರ್‌ಟೈಮ್ ಆದ ಮೇಲೂ ಸಮ ಇದ್ದರೆ ಒಬ್ಬೊಬ್ಬರೇ ಗೋಲಿಯ ಎದುರು ಹೋಗುವುದು. ಹಲವು ಲೀಗ್‌ಗಳು ತಮ್ಮ ಅಂಕಪಟ್ಟಿಗೆ ಒಂದು ಹೆಚ್ಚಿನ ಪಾಯಿಂಟ್ ಕೊಡಲು ಇದನ್ನು ಬಳಸುತ್ತವೆ. ರಾಷ್ಟ್ರೀಯ ಲೆಕ್ಕದಲ್ಲಿ ಮಾತ್ರ ಅದು ಡ್ರಾ ಆಗಿಯೇ ಉಳಿಯುತ್ತದೆ.

ಈಗ ಯಾವುದು ಯಾರನ್ನು ಕರೆಯುತ್ತದೆ ನೋಡೋಣ.

ಹಳೆಯ ದಾರಿಯ ಮೇಲೆ ಇರುವ ದೂರು ಗೊತ್ತೇ ಇದೆ. ಎರಡೂವರೆ ಗಂಟೆ ಕೂತು ಡ್ರಾ ನೋಡಿ ಹೋಗಲು ಯಾರು ಬರುತ್ತಾರೆ ಅಂತ. ಕೇಳಲು ಸರಿ ಅನ್ನಿಸುತ್ತದೆ. ಆದರೆ 2001ರ ಅಕ್ಟೋಬರ್ 6 ನೆನಪಿಸಿಕೊಳ್ಳಿ. ಮಿಷಿಗನ್ ಸ್ಟೇಟ್ ಅನ್ನುವ ಇನ್ನೊಂದು ಯೂನಿವರ್ಸಿಟಿ ತನ್ನ ಫುಟ್‌ಬಾಲ್ ಮೈದಾನದಲ್ಲಿ ಐಸ್ ಹಾಸಿ ಮಿಷಿಗನ್ ತಂಡವನ್ನು ಆಟಕ್ಕೆ ಕರೆದಿತ್ತು. 74,500ಕ್ಕೂ ಹೆಚ್ಚು ಜನ ಬಂದರು. ಆಟ 3-3ರಲ್ಲಿ ಡ್ರಾ ಆಯಿತು. ಇವತ್ತಿಗೂ ಆ ರಾತ್ರಿಯ ಬಗ್ಗೆ ಮಾತಾಡುವ ಹಿರಿಯರು ಇಲ್ಲಿ ಸಿಗುತ್ತಾರೆ. ಮೋಸ ಹೋದೆವು ಅಂತ ಒಬ್ಬರೂ ಹೇಳಿದ್ದು ನಾನು ಕೇಳಿಲ್ಲ. ಒಂಬತ್ತು ವರ್ಷ ಆದ ಮೇಲೆ, 2010ರ ಡಿಸೆಂಬರ್ 11ರಂದು, ಮಿಷಿಗನ್ ತನ್ನ ದೊಡ್ಡ ಮೈದಾನದಲ್ಲಿ ಅದೇ ಎದುರಾಳಿಯನ್ನು ಕರೆಯಿತು. ಗಿನ್ನೆಸ್‌ನವರು ಎಣಿಸಿ ಒಪ್ಪಿದ ಲೆಕ್ಕವೇ 1,04,173. ಆವತ್ತು ಮಿಷಿಗನ್ 5-0ರಿಂದ ಗೆದ್ದಿತು. ಆಟದಲ್ಲಿ ಪೈಪೋಟಿಯೇ ಇರಲಿಲ್ಲ. ಈ ಎರಡೂ ಸಲ ಜನರನ್ನು ಕರೆತಂದದ್ದು ಓವರ್‌ಟೈಮ್ ನಿಯಮ ಅಲ್ಲ. ಪಕ್ಕದೂರಿನವರ ಮೇಲಿನ ಹಳೆಯ ಹಟ.

ಮೂರು ಜನರ ಓವರ್‌ಟೈಮ್ ನೋಡಲು ಚೆನ್ನಾಗಿದೆ. ಸುಳ್ಳು ಹೇಳಲಾರೆ. ನನ್ನ ಮಗಳು ಮೊದಲ ಸಲ ನೋಡಿದಾಗ ಐದು ನಿಮಿಷ ನನ್ನ ತೋಳು ಬಿಡಲಿಲ್ಲ. ಆದರೆ ನಾಲ್ಕೈದು ಸಲ ನೋಡಿದ ಮೇಲೆ ಒಂದು ವಿಷಯ ಕಾಣತೊಡಗುತ್ತದೆ. ಪಕ್ ಸಿಕ್ಕಿದ ತಂಡ ಅದನ್ನು ಬಿಡುವುದೇ ಇಲ್ಲ. ಗೋಲಿನ ಹತ್ತಿರ ಹೋಗುತ್ತಾರೆ, ದಾರಿ ಕಾಣದಿದ್ದರೆ ತಿರುಗಿ ತಮ್ಮ ಕಡೆಗೇ ಬರುತ್ತಾರೆ, ಮತ್ತೆ ಸುತ್ತು ಹೊಡೆಯುತ್ತಾರೆ. ಓಟಕ್ಕೆ ಅಂತ ತಂದ ನಿಯಮ ಕೆಲವು ದಿನ ಕಾಯುವ ಆಟ ಆಗಿಬಿಡುತ್ತದೆ.

ಇನ್ನೊಂದು ನೋವು ಇದೆ, ಇದನ್ನು ಹೊರಗಿನವರು ಗಮನಿಸುವುದಿಲ್ಲ. ಮೂರು ಜನರ ಆಟದಲ್ಲಿ ಇಳಿಯುವುದು ತಂಡದ ಐದಾರು ಚುರುಕಾದ ಹುಡುಗರು ಮಾತ್ರ. ಸರದಿಯಲ್ಲಿ ಕೊನೆಗೆ ಇಳಿಯುವ ನಾಲ್ಕನೇ ಸಾಲಿನ ಹುಡುಗ, ಅಂದರೆ ಮೈಮೇಲೆ ಪಕ್ ಬಿದ್ದರೂ ಅಡ್ಡ ಮಲಗುವವನು, ಬೆಂಚಿನಲ್ಲೇ ಕೂರುತ್ತಾನೆ. ಸ್ಟೂಡೆಂಟ್ ಸೆಕ್ಷನ್‌ನಲ್ಲಿ ನಿಂತವರಿಗೆ ಅವನು ಬರೀ ಆಟಗಾರ ಅಲ್ಲ. ಕೆಮಿಸ್ಟ್ರಿ ಲ್ಯಾಬಿನಲ್ಲಿ ಪಕ್ಕದ ಮೇಜಿನವನು. ಅವರು ಕೂಗುವುದು ಅವನ ಹೆಸರನ್ನು. ಆಟದ ಕೊನೆಯ ಘಟ್ಟದಿಂದ ಅವನನ್ನೇ ತೆಗೆದುಬಿಟ್ಟರೆ ಕಾಲೇಜು ಆಟಕ್ಕೂ ವೃತ್ತಿಪರ ಆಟಕ್ಕೂ ಏನು ವ್ಯತ್ಯಾಸ ಉಳಿಯಿತು?

ನಿಯಮ ಮಾಡಿದವರಿಗೂ ಇದು ಪೂರ್ತಿ ಹಾಕಿ ಅನ್ನಿಸಿಲ್ಲ, ನೋಡಿ. ಮೂರು ಜನರ ಓವರ್‌ಟೈಮ್‌ನಲ್ಲಿ ಗೆದ್ದರೆ ರಾಷ್ಟ್ರೀಯ ಶ್ರೇಯಾಂಕದಲ್ಲಿ ಪೂರ್ತಿ ಗೆಲುವಿನ ತೂಕ ಸಿಗುವುದಿಲ್ಲ. ಮಿಷಿಗನ್, ಮಿನೆಸೋಟದಂಥ ತಂಡಗಳು ಆಡುವ ಬಿಗ್ ಟೆನ್ ಲೀಗ್‌ನಲ್ಲೂ ಹಾಗೆಯೇ. ಅರವತ್ತು ನಿಮಿಷದಲ್ಲಿ ಗೆದ್ದರೆ ಮೂರು ಪಾಯಿಂಟ್, ಓವರ್‌ಟೈಮ್‌ನಲ್ಲಿ ಗೆದ್ದರೆ ಎರಡು. ರಾಷ್ಟ್ರೀಯ ಟೂರ್ನಿಗೆ ಬಂದರೆ ಮೂರು ಜನರ ಮಾತೇ ಇಲ್ಲ. ಅಲ್ಲಿ ಐದು ಜನಕ್ಕೆ ಐದು ಜನ, ಇಪ್ಪತ್ತು ನಿಮಿಷ, ಗೋಲು ಬೀಳುವವರೆಗೆ.

ಶೂಟೌಟ್ ಬಗ್ಗೆ ಹೇಳಬೇಕಾದರೆ ಬಾಸ್ಟನ್‌ಗೆ ಹೋಗಬೇಕು. ಅಲ್ಲಿ 1952ರಿಂದ ಬೀನ್‌ಪಾಟ್ ಅಂತ ಒಂದು ಟೂರ್ನಿ ನಡೆಯುತ್ತದೆ. ಬಾಸ್ಟನ್ ಕಾಲೇಜ್, ಬಾಸ್ಟನ್ ಯೂನಿವರ್ಸಿಟಿ, ಹಾರ್ವರ್ಡ್, ನಾರ್ತ್‌ಈಸ್ಟರ್ನ್, ಈ ನಾಲ್ಕೇ ತಂಡ. ಫೆಬ್ರವರಿಯ ಎರಡು ಸೋಮವಾರ. 1978ರಲ್ಲಿ ಆಟದ ರಾತ್ರಿ ಭಾರೀ ಹಿಮಪಾತ ಆಗಿ, ನೋಡಲು ಬಂದ ಜನ ಸ್ಟೇಡಿಯಂನಲ್ಲೇ ಸಿಕ್ಕಿಹಾಕಿಕೊಂಡು ಅಲ್ಲೇ ಮಲಗಿದ್ದರು. ಊರಿಗೆ ಅಂಥ ನಂಟು.

ಇದೇ ಟೂರ್ನಿಯ ಎರಡು ಫೈನಲ್ ಪಕ್ಕಪಕ್ಕ ಇಡುತ್ತೇನೆ. 2020ರಲ್ಲಿ ನಾರ್ತ್‌ಈಸ್ಟರ್ನ್ ಮತ್ತು ಬಾಸ್ಟನ್ ಯೂನಿವರ್ಸಿಟಿ. ಆಟ ಮುಗಿಯಲು ಎರಡು ಸೆಕೆಂಡ್ ಕೂಡ ಉಳಿದಿಲ್ಲದಾಗ ಬಾಸ್ಟನ್ ಯೂನಿವರ್ಸಿಟಿಯವರು ಗೋಲು ಹೊಡೆದು 4-4 ಮಾಡಿದರು. ಐದು ಜನರ ಪೂರ್ತಿ ಆಟವೇ ಮುಂದುವರಿಯಿತು. ಎರಡನೇ ಓವರ್‌ಟೈಮ್‌ನಲ್ಲಿ ನಾರ್ತ್‌ಈಸ್ಟರ್ನ್ ಗೆದ್ದಿತು. 2023ರಲ್ಲಿ ನಾರ್ತ್‌ಈಸ್ಟರ್ನ್ ಮತ್ತು ಹಾರ್ವರ್ಡ್. 2-2. ಮೂರು ಜನರ ಐದು ನಿಮಿಷ. ಆಮೇಲೆ ಶೂಟೌಟ್. ಮತ್ತೆ ನಾರ್ತ್‌ಈಸ್ಟರ್ನ್ ಗೆದ್ದಿತು. ಬೀನ್‌ಪಾಟ್ ಫೈನಲ್ ಶೂಟೌಟ್‌ನಲ್ಲಿ ತೀರ್ಮಾನ ಆದದ್ದು ಅದೇ ಮೊದಲು. ಗೆದ್ದ ತಂಡ ಎರಡು ಸಲವೂ ಒಂದೇ. ನಾನು ಎರಡನ್ನೂ ಟೀವಿಯಲ್ಲಿ ನೋಡಿದೆ. ಮೊದಲನೆಯದು ಮುಗಿದಾಗ ಎದೆ ಹೊಡೆದುಕೊಳ್ಳುತ್ತಿತ್ತು, ನಿದ್ದೆ ಬರಲಿಲ್ಲ. ಎರಡನೆಯದು ಮುಗಿದಾಗ ಟೀವಿ ಆರಿಸಿ ಮಲಗಿದೆ. ಗೆದ್ದವರೂ ಸೋತವರೂ ಒಟ್ಟಿಗೆ ಕಟ್ಟಿದ ಮನೆಗೆ ಯಾರೋ ಬೇರೆಯವರು ಬಂದು ಬೀಗ ಹಾಕಿದ ಹಾಗಿತ್ತು.

ಉದ್ದ ಓವರ್‌ಟೈಮ್‌ಗೆ ಹೊಸಬರು ನಿಲ್ಲುವುದಿಲ್ಲ ಅನ್ನುವುದು ಅರ್ಧ ಸತ್ಯ. 2015ರ ಮಾರ್ಚ್‌ನಲ್ಲಿ ನೊಟ್ರ್ ಡೇಮ್ ಮತ್ತು ಮ್ಯಾಸಚೂಸೆಟ್ಸ್ ತಂಡಗಳು ಐದು ಓವರ್‌ಟೈಮ್ ಆಡಿದವು. 151 ನಿಮಿಷ 42 ಸೆಕೆಂಡ್ ಆಟ. 2021ರ ಮಾರ್ಚ್‌ನಲ್ಲಿ ಫಾರ್ಗೊ ನಗರದಲ್ಲಿ ಮಿನೆಸೋಟ ಡುಲುತ್ ಐದನೇ ಓವರ್‌ಟೈಮ್‌ನಲ್ಲಿ ನಾರ್ತ್ ಡಕೋಟವನ್ನು 3-2ರಿಂದ ಸೋಲಿಸಿತು. ನನಗೆ ಗೊತ್ತಿರುವ ಒಬ್ಬ ತೆಲುಗು ಹುಡುಗ ಆ ರಾತ್ರಿಯೇ ಹಾಕಿ ಹುಚ್ಚು ಹಿಡಿಸಿಕೊಂಡ. ರೂಮ್‌ಮೇಟ್ ನೋಡುತ್ತಿದ್ದ ಅಂತ ಸುಮ್ನೆ ಕೂತಿದ್ದನಂತೆ. ಬೆಳಗಾಗುವಷ್ಟರಲ್ಲಿ ಎರಡೂ ಗೋಲಿಗಳ ಹೆಸರು ಬಾಯಿಪಾಠ.

ಉದ್ದ ಆದರೇ ಚೆಂದ ಅಂತಲೂ ನಾನು ಹೇಳುತ್ತಿಲ್ಲ. 2023ರ ರಾಷ್ಟ್ರೀಯ ಫೈನಲ್‌ನಲ್ಲಿ ಕ್ವಿನಿಪಿಯಾಕ್ ಓವರ್‌ಟೈಮ್ ಶುರುವಾದ ಹತ್ತೇ ಸೆಕೆಂಡಿಗೆ ಗೋಲು ಹೊಡೆದು ಮಿನೆಸೋಟವನ್ನು ಸೋಲಿಸಿತು. ಹತ್ತು ಸೆಕೆಂಡ್ ಆಗಲಿ, ಐದು ಓವರ್‌ಟೈಮ್ ಆಗಲಿ, ಅದೇ ಆಟ, ಅದೇ ಹುಡುಗರು. ಮುಖ್ಯ ಅದು.

ನನ್ನ ತೀರ್ಮಾನ ಹೀಗಿದೆ. ಸೀಸನ್ನಿನ ಮಾಮೂಲಿ ಆಟಗಳಿಗೆ ಮೂರು ಜನರ ಓವರ್‌ಟೈಮ್ ಇರಲಿ. ಮಕ್ಕಳಿಗೆ ಇಷ್ಟ ಆಗುತ್ತದೆ, ಬೇಗ ಮುಗಿಯುತ್ತದೆ, ಮಾರನೇ ದಿನ ಅದೇ ಎದುರಾಳಿಯ ಜೊತೆ ಇನ್ನೊಂದು ಆಟ ಇರುತ್ತದೆ. ಶೂಟೌಟ್ ಬೇಡ. ಐದು ನಿಮಿಷದಲ್ಲಿ ಆಗದಿದ್ದರೆ ಡ್ರಾ ಅಂತ ಬರೆದುಕೊಳ್ಳಿ, ತಪ್ಪೇನಿಲ್ಲ. ಕಪ್ ಕೊಡುವ ಆಟ ಆದರೆ ಐದು ಜನರೇ ಆಡಬೇಕು, ಬೆಳಗಾದರೂ ಸರಿ.

ಯಾರು ಆಡಬಹುದು?

ಮೇಲಿನ ಜಗಳ ಕಣ್ಣಿಗೆ ಕಾಣುತ್ತದೆ. ಆದರೆ ನಿಜವಾಗಿ ಆಟದ ಮುಖ ಬದಲಿಸುತ್ತಿರುವುದು ಇನ್ನೊಂದು. 2024ರ ನವೆಂಬರ್‌ನಲ್ಲಿ ಎನ್‌ಸಿಎಎ ಒಂದು ಬಾಗಿಲು ತೆರೆಯಿತು. ಕೆನಡಾದ ಮೂರು ದೊಡ್ಡ ಜೂನಿಯರ್ ಲೀಗ್‌ಗಳಲ್ಲಿ ಆಡಿದ ಹುಡುಗರು 2025ರ ಆಗಸ್ಟ್‌ನಿಂದ ಅಮೆರಿಕದ ಕಾಲೇಜು ತಂಡಗಳಿಗೆ ಸೇರಬಹುದು. ಅಲ್ಲಿಯವರೆಗೆ ಅವರನ್ನು ವೃತ್ತಿಪರರು ಅಂತ ಲೆಕ್ಕ ಹಾಕಿ ಹೊರಗಿಡುತ್ತಿದ್ದರು. ಆ ಲೀಗ್‌ಗಳಲ್ಲಿ ಹುಡುಗರಿಗೆ ಕೈಖರ್ಚಿನ ಹಣ ಕೊಡುತ್ತಾರೆ, ಎನ್‌ಎಚ್‌ಎಲ್ ಒಪ್ಪಂದ ಆದವರೂ ಆಡುತ್ತಾರೆ ಅನ್ನುವುದು ಕಾರಣ.

2025ರ ಜುಲೈನಲ್ಲಿ ಗ್ಯಾವಿನ್ ಮೆಕೆನಾ ಪೆನ್ ಸ್ಟೇಟ್ ಸೇರುತ್ತೇನೆ ಅಂದ. ಕೆನಡಾದ ವೈಟ್‌ಹಾರ್ಸ್‌ನ ಹುಡುಗ. ಆಗ ಹದಿನೇಳು ವರ್ಷ. 2026ರ ಎನ್‌ಎಚ್‌ಎಲ್ ಡ್ರಾಫ್ಟ್‌ಗೆ, ಅಂದರೆ ವೃತ್ತಿಪರ ತಂಡಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವ ಸುತ್ತಿಗೆ, ಎಲ್ಲರ ಬಾಯಲ್ಲಿದ್ದ ಹೆಸರು. ಪೆನ್ ಸ್ಟೇಟ್‌ಗೆ ಪೂರ್ಣ ತಂಡ ಬಂದದ್ದೇ 2012-13ರಲ್ಲಿ. 2025ರಲ್ಲಿ ಮೊದಲ ಸಲ ಫ್ರೋಜನ್ ಫೋರ್ ಮುಟ್ಟಿತ್ತು. ಅಂಥ ಕಡೆಗೆ ಇಂಥ ಹುಡುಗ ಬಂದರೆ ಟಿಕೆಟ್‌ಗೆ ಬೇಡಿಕೆ ಏರದೆ ಇರುತ್ತದಾ?

ಆದರೆ ಒಬ್ಬ ಹುಡುಗನನ್ನು ನೋಡಲು ಬಂದವರು ಅವನು ಹೋದ ಮೇಲೆ ಏನು ಮಾಡುತ್ತಾರೆ? ಇದು ಜಾತ್ರೆಯ ತೇರು. ತೇರು ಗುಡಿ ಸೇರಿದ ಮೇಲೆ ಬೀದಿ ಖಾಲಿ. ಅದಕ್ಕೆ ಆ ಹುಡುಗನನ್ನು ದೂರುವುದು ತಪ್ಪು. ಬಂದವರ ಕೈಗೆ ಕಾಲೇಜು ಇನ್ನೇನು ಕೊಟ್ಟಿತು ಅನ್ನುವುದು ಪ್ರಶ್ನೆ. ಆಟದ ನಡುವೆ ಬಾರಿಸುವ ಕಾಲೇಜು ಬ್ಯಾಂಡಿನ ಪಕ್ಕ ಕೂರಿಸಿತಾ? ಕೂಗುವ ಪದಗಳನ್ನು ಕಲಿಸಿತಾ? ಅಥವಾ ಟಿಕೆಟ್ ದರ ಏರಿಸಿ, ಹಳಬರನ್ನು ಮೇಲಿನ ಸಾಲಿಗೆ ತಳ್ಳಿತಾ?

ಹೊರಗಿನವರು ಬಂದರೆ ಊರಿನವರ ಪ್ರೀತಿ ಕಡಿಮೆ ಆಗುತ್ತದೆ ಅನ್ನುವ ಭಯವೂ ಇದೆ. ಇದಕ್ಕೆ ಮಿನೆಸೋಟದ ಕಥೆ ಒಳ್ಳೆಯ ಉತ್ತರ. ಅಲ್ಲಿ ವರ್ಷಗಟ್ಟಲೆ ತಂಡದ ತುಂಬ ಮಿನೆಸೋಟ ರಾಜ್ಯದ ಹುಡುಗರೇ ಇರುತ್ತಿದ್ದರು. ಅದು ಅವರಿಗೆ ಹೆಮ್ಮೆ. 2002ರ ತಂಡದಲ್ಲಿ ಒಬ್ಬನೇ ಹೊರಗಿನವನು, ಗ್ರಾಂಟ್ ಪೊಟುಲ್ನಿ. ಅವನು ನಾರ್ತ್ ಡಕೋಟದ ಗ್ರ್ಯಾಂಡ್ ಫೋರ್ಕ್ಸ್‌ನವನು. ಅಂದರೆ ಬದ್ಧ ವೈರಿಯ ಊರಿನವನು. ಆ ವರ್ಷದ ರಾಷ್ಟ್ರೀಯ ಫೈನಲ್ ಮಿನೆಸೋಟದ ಸೇಂಟ್ ಪಾಲ್‌ನಲ್ಲೇ ನಡೆಯಿತು. ಎದುರಾಳಿ ಮೇನ್. ಆಟ ಓವರ್‌ಟೈಮ್‌ಗೆ ಹೋಯಿತು. ಗೆಲುವಿನ ಗೋಲು ಹೊಡೆದವನು ಅದೇ ಪೊಟುಲ್ನಿ. 1979ರ ಮೇಲೆ ಮಿನೆಸೋಟಕ್ಕೆ ಸಿಕ್ಕ ಮೊದಲ ಚಾಂಪಿಯನ್‌ಶಿಪ್ ಅದು. ಹೊರಗಿನವನು ಮನೆಯವನಾದದ್ದು ಹೀಗೆ. ಬೆಂಗಳೂರಿಗೆ ಬಂದು ಕನ್ನಡ ಕಲಿತವರನ್ನು ನಾವು ನಮ್ಮವರು ಅನ್ನುವುದಿಲ್ಲವಾ?

ನನಗೆ ಚಿಂತೆ ಇರುವುದು ಬೇರೆ ನಿಯಮದ ಮೇಲೆ. ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋಗುವ ಆಟಗಾರ ಮೊದಲೆಲ್ಲ ಒಂದು ವರ್ಷ ಹೊರಗೆ ಕೂರಬೇಕಿತ್ತು. 2021ರಲ್ಲಿ ಎನ್‌ಸಿಎಎ ಒಂದು ಸಲದ ಮಟ್ಟಿಗೆ ಅದನ್ನು ತೆಗೆಯಿತು. 2024ರಲ್ಲಿ ಎಷ್ಟು ಸಲ ಬೇಕಾದರೂ ಹೋಗಬಹುದು ಅಂತಾಯಿತು. ಆಟಗಾರರ ದೃಷ್ಟಿಯಿಂದ ಇದು ನ್ಯಾಯ. ಕೋಚ್ ಬಿಟ್ಟು ಹೋಗಬಹುದಾದರೆ ಹುಡುಗ ಯಾಕೆ ಹೋಗಬಾರದು? ಅದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಅಭಿಮಾನಿಯ ಮನಸ್ಸಿಗೆ ಇದು ಕಷ್ಟ. ಮೊದಲ ವರ್ಷದಲ್ಲಿ ತಡವರಿಸುವ ಹುಡುಗ ನಾಲ್ಕನೇ ವರ್ಷದಲ್ಲಿ ಕ್ಯಾಪ್ಟನ್ ಆಗುವುದನ್ನು ನೋಡುವುದೇ ಕಾಲೇಜು ಆಟದ ಸುಖ. ಕಳೆದ ವರ್ಷ ನನ್ನ ಮಗಳು ತನಗಿಷ್ಟವಾದ ಆಟಗಾರನ ಅಂಗಿ ಕೊಡಿಸಿಕೊಂಡಳು. ಐದೇ ತಿಂಗಳಲ್ಲಿ ಅವನು ಬೇರೆ ಕಾಲೇಜಿಗೆ ಹೋದ. ಅವಳು ಅಂಗಿ ಬಿಸಾಡಲಿಲ್ಲ. ಆದರೆ ಈ ವರ್ಷ ಹೆಸರಿಲ್ಲದ ಅಂಗಿ ಸಾಕು ಅಂದಳು.

ಇವೆರಡರಲ್ಲಿ ಆರಿಸಬೇಕಾದರೆ ಕೆನಡಾದ ಹುಡುಗರಿಗೆ ಬಾಗಿಲು ತೆರೆದದ್ದಕ್ಕೆ ನನ್ನ ಒಪ್ಪಿಗೆ ಇದೆ. ಆಟದ ಮಟ್ಟ ಏರುತ್ತದೆ, ಓದೂ ಸಿಗುತ್ತದೆ. ಸ್ಥಳೀಯ ಹುಡುಗರಿಗೆ ಜಾಗ ಕಡಿಮೆ ಆಗುವ ನೋವು ನಿಜ. ಅದಕ್ಕೆ ನನ್ನಲ್ಲಿ ಸುಲಭದ ಉತ್ತರ ಇಲ್ಲ.

ಎಲ್ಲಿ ಆಡಬೇಕು?

ಪ್ರಶ್ನಾವಳಿಯಲ್ಲಿ ಇದು ಎಂಟನೆಯದಾಗಿತ್ತು, ಸಣ್ಣ ಅಕ್ಷರದಲ್ಲಿ. ನನ್ನ ಲೆಕ್ಕದಲ್ಲಿ ಇದೇ ಮೊದಲನೆಯದಾಗಬೇಕಿತ್ತು.

ಪುರುಷರ ರಾಷ್ಟ್ರೀಯ ಟೂರ್ನಿಯ ಮೊದಲ ಸುತ್ತುಗಳು ನಾಲ್ಕು ಊರುಗಳಲ್ಲಿ ನಡೆಯುತ್ತವೆ. ಊರುಗಳನ್ನು ವರ್ಷಗಳ ಮೊದಲೇ ಆರಿಸಿರುತ್ತಾರೆ. ಯಾವ ತಂಡ ಎಲ್ಲಿಗೆ ಅನ್ನುವುದು ಗೊತ್ತಾಗುವುದು ಭಾನುವಾರ. ಆಟ ಅದೇ ವಾರದ ಕೊನೆಗೆ. ನಾಲ್ಕು ದಿನದಲ್ಲಿ ವಿಮಾನ, ಹೋಟೆಲ್, ರಜೆ ಎಲ್ಲ ಹೊಂದಿಸಿಕೊಂಡು ಸಾವಿರ ಮೈಲಿ ಹೋಗಲು ಯಾವ ವಿದ್ಯಾರ್ಥಿಗೆ ಆಗುತ್ತದೆ? ಒಂದು ಸಲ ನಾನು ಕಷ್ಟಪಟ್ಟು ಹೋದೆ. ಸೀಸನ್ನಿನ ಅತಿ ಮುಖ್ಯವಾದ ಆಟ. ಎದುರಿನ ಸಾಲುಗಳು ಖಾಲಿ. ಸ್ಕೇಟ್ ಐಸ್ ಕೊರೆಯುವ ಸದ್ದು ನಾನು ಕೂತಲ್ಲಿಗೆ ಕೇಳುತ್ತಿತ್ತು. ಆ ಸದ್ದು ಇಷ್ಟವೇ, ಆದರೆ ಆವತ್ತು ಕೇಳಬಾರದಿತ್ತು.

ಮಹಿಳೆಯರ ಟೂರ್ನಿಯಲ್ಲಿ ಹಾಗಿಲ್ಲ. ಅಲ್ಲಿ ಕ್ವಾರ್ಟರ್ ಫೈನಲ್‌ವರೆಗಿನ ಆಟಗಳು ಮೇಲಿನ ಶ್ರೇಯಾಂಕದ ಕಾಲೇಜುಗಳ ಸ್ವಂತ ರಿಂಕ್‌ಗಳಲ್ಲೇ ನಡೆಯುತ್ತವೆ. ಬಿಗ್ ಟೆನ್ ಕೂಡ ಇದನ್ನು ಕಲಿತದ್ದು ಪೆಟ್ಟು ತಿಂದ ಮೇಲೆ. ಅದರ ಪುರುಷರ ಲೀಗ್ ಟೂರ್ನಿ 2014ರಿಂದ 2017ರವರೆಗೆ ಸೇಂಟ್ ಪಾಲ್ ಮತ್ತು ಡೆಟ್ರಾಯಿಟ್‌ನ ದೊಡ್ಡ ಸ್ಟೇಡಿಯಂಗಳಲ್ಲಿ ನಡೆಯುತ್ತಿತ್ತು. ಜನ ತುಂಬಲಿಲ್ಲ. 2018ರಿಂದ ಕಾಲೇಜುಗಳ ರಿಂಕ್‌ಗೆ ತಂದರು. ಆ ವರ್ಷದ ಫೈನಲ್‌ನಲ್ಲಿ ನೊಟ್ರ್ ಡೇಮ್ ತನ್ನ ಮನೆಯಲ್ಲೇ ಓಹಾಯೊ ಸ್ಟೇಟ್ ಎದುರು ಓವರ್‌ಟೈಮ್‌ನಲ್ಲಿ ಗೆದ್ದಿತು.

ನ್ಯಾಯ ಅಲ್ಲ ಅಂತ ಎದುರು ವಾದ ಇದೆ. ಒಂದು ತಂಡಕ್ಕೆ ಮನೆಯ ಅನುಕೂಲ ಸಿಗುತ್ತದೆ ಅಂತ. ಸಿಗಲಿ. ಸೀಸನ್ ಪೂರ್ತಿ ಚೆನ್ನಾಗಿ ಆಡಿದ್ದಕ್ಕೆ ಅದೇ ಬಹುಮಾನ.

ಕಾಲೇಜಿನ ರಿಂಕ್ ಅಂದರೆ ಏನು ಅಂತ ತಿಳಿಯಬೇಕಾದರೆ ಕಾರ್ನೆಲ್‌ನ ಲೈನಾ ರಿಂಕ್ ಬಗ್ಗೆ ಕೇಳಬೇಕು. ನಾಲ್ಕು ಸಾವಿರ ಚಿಲ್ಲರೆ ಸೀಟು. ಎದುರಾಳಿಗಳ ಹೆಸರು ಕರೆಯುವಾಗ ವಿದ್ಯಾರ್ಥಿಗಳೆಲ್ಲ ಪೇಪರ್ ಬಿಡಿಸಿ ಓದುವಂತೆ ನಿಲ್ಲುತ್ತಾರೆ. ಹಾರ್ವರ್ಡ್ ಬಂದರೆ ಐಸ್ ಮೇಲೆ ಮೀನು ಎಸೆಯುತ್ತಾರೆ. 1969-70ರಲ್ಲಿ ಅವರ ತಂಡ 29 ಆಟ ಆಡಿ 29ನ್ನೂ ಗೆದ್ದಿತ್ತು. ಆ ಮೇಲೆ ಒಂದು ಸಲವೂ ರಾಷ್ಟ್ರೀಯ ಚಾಂಪಿಯನ್ ಆಗಿಲ್ಲ. ಆದರೂ ಜನ ಬರುತ್ತಾರೆ. ಅಜ್ಜ ನಿಂತ ಜಾಗದಲ್ಲೇ ಮೊಮ್ಮಗಳು ನಿಲ್ಲುತ್ತಾಳೆ. ಸಂತೆಯ ಜನ ಅಂದೆನಲ್ಲ, ಇವರೇ.

ಇನ್ನೊಂದು ಹಳೆಯ ಗಾಯ. ಬಿಗ್ ಟೆನ್ 2013-14ರಲ್ಲಿ ತನ್ನದೇ ಹಾಕಿ ಲೀಗ್ ಶುರು ಮಾಡಿದಾಗ ಹಳೆಯ ಲೀಗ್‌ಗಳು ಒಡೆದವು. ಮಿನೆಸೋಟ ಮತ್ತು ನಾರ್ತ್ ಡಕೋಟ ಬೇರೆ ಬೇರೆ ಲೀಗ್‌ಗೆ ಹೋದವು. ಪ್ರತಿ ಸೀಸನ್ನಿನಲ್ಲಿ ನಡೆಯುತ್ತಿದ್ದ ಅವರ ಆಟ ಕೆಲವು ವರ್ಷ ನಿಂತೇ ಹೋಯಿತು. ಅಷ್ಟರಲ್ಲಿ 2014ರ ಫ್ರೋಜನ್ ಫೋರ್‌ನಲ್ಲಿ ಇಬ್ಬರೂ ಎದುರಾದರು. ಆಟ ಮುಗಿಯಲು 0.6 ಸೆಕೆಂಡ್ ಇದ್ದಾಗ ಮಿನೆಸೋಟ ಗೋಲು ಹೊಡೆದು 2-1ರಿಂದ ಗೆದ್ದಿತು. ಅದೂ ತನ್ನದೇ ಒಬ್ಬ ಆಟಗಾರ ಪೆನಾಲ್ಟಿಯಲ್ಲಿ ಹೊರಗಿದ್ದಾಗ. ಇಂಥ ಆಟವನ್ನು ಸೀಸನ್ನಿನ ಪಟ್ಟಿಯಿಂದ ಕೈಬಿಟ್ಟದ್ದು ನನಗೆ ಇನ್ನೂ ಅರ್ಥ ಆಗುವುದಿಲ್ಲ.

ಉಳಿದ ಚೌಕಗಳು

ಹೊಡೆದಾಟ: ಕಾಲೇಜಿನಲ್ಲಿ ಕೈ ಎತ್ತಿ ಹೊಡೆದಾಡಿದರೆ ಆ ಆಟದಿಂದ ಹೊರಗೆ, ಮುಂದಿನ ಆಟವೂ ಇಲ್ಲ. ಎನ್‌ಎಚ್‌ಎಲ್‌ನಲ್ಲಿ ಐದು ನಿಮಿಷ ಕೂತು ಮತ್ತೆ ಬರಬಹುದು. ಇದನ್ನು ಸಡಿಲ ಮಾಡಿದರೆ ಜನ ಬರುತ್ತಾರೆ ಅನ್ನುವವರಿದ್ದಾರೆ. ಬರಬಹುದು. ಆದರೆ ಮಗು ಕರೆದುಕೊಂಡು ಬರುವ ನನ್ನಂಥವರು ಹೋಗುತ್ತೇವೆ. ಈಗಿನ ನಿಯಮವೇ ಇರಲಿ.

ಮುಖದ ಜಾಲರಿ: ಕಾಲೇಜು ಆಟಗಾರರು ಮುಖ ಪೂರ್ತಿ ಮುಚ್ಚುವ ರಕ್ಷಣೆ ಹಾಕಬೇಕು. ಮುಖ ಕಂಡರೆ ಅಭಿಮಾನಿಗಳಿಗೆ ಗುರುತು ಹತ್ತುತ್ತದೆ ಅಂತ ವಾದ. ಮರುದಿನ ಬೆಳಿಗ್ಗೆ ಕ್ಲಾಸಿಗೆ ಹೋಗುವ ಹುಡುಗರ ಹಲ್ಲು, ಕಣ್ಣು ನನಗೆ ಮುಖ್ಯ.

ವಿಡಿಯೋ ನೋಡಿ ತೀರ್ಪು ಕೊಡುವುದು: ಬೇಕು, ಆದರೆ ಬೇಗ ಆಗಬೇಕು. ಅಂಪೈರುಗಳು ಹೆಡ್‌ಫೋನ್ ಹಾಕಿ ನಿಂತುಬಿಟ್ಟರೆ ಇಡೀ ರಿಂಕ್ ತಣ್ಣಗಾಗುತ್ತದೆ. ಹೊಸದಾಗಿ ಬಂದವರು ಫೋನ್ ತೆಗೆಯುವುದು ಆಗಲೇ. ತೆಗೆದ ಫೋನ್ ಮತ್ತೆ ಒಳಗೆ ಹೋಗುವುದಿಲ್ಲ. ದೊಡ್ಡ ಪರದೆಯಲ್ಲಿ ಏನು ನೋಡುತ್ತಿದ್ದಾರೆ ಅಂತ ಜನರಿಗೂ ತೋರಿಸಿ, ಗಡಿಯಾರ ಇಟ್ಟು ಮುಗಿಸಿದರೆ ಎಷ್ಟೋ ವಾಸಿ.

ಹಾಗಾದರೆ ಟಿಕ್ ಎಲ್ಲಿ?

ಫೋನ್ ಮಾಡಿದ ಮೂರು ಮನೆಯವರಿಗೂ ಒಂದೇ ಉತ್ತರ ಸರಿ ಹೋಗುವುದಿಲ್ಲ.

ಮಗ ಅಥವಾ ಮಗಳು ಇನ್ನು ಎರಡು ಮೂರು ವರ್ಷ ಅಲ್ಲೇ ಓದುತ್ತಾರೆ ಅಂದರೆ ಮೊದಲ ಟಿಕ್ "ಟೂರ್ನಿ ಆಟ ಕಾಲೇಜಿನ ರಿಂಕ್‌ನಲ್ಲಿ" ಅನ್ನುವುದಕ್ಕೆ ಹಾಕಿ. ಲಾಭ ಅವರಿಗೇ. ವರ್ಷಕ್ಕೆ ಒಂದೆರಡು ಆಟ ಮಾತ್ರ ನೋಡುವವರು, ಮನೆಗೆ ಸಣ್ಣ ಮಕ್ಕಳ ಜೊತೆ ಬೇಗ ಹೋಗಬೇಕಾದವರು, ಮೂರು ಜನರ ಓವರ್‌ಟೈಮ್‌ಗೆ ಹಾಕಿ, ಶೂಟೌಟ್‌ಗೆ ಬೇಡ. ತಾರೆ ಆಟಗಾರರನ್ನು ನೋಡಬೇಕು ಅನ್ನುವ ಆಸೆ ಇದ್ದರೆ ಕೆನಡಾದ ಹುಡುಗರ ಚೌಕಕ್ಕೆ ಧೈರ್ಯವಾಗಿ ಟಿಕ್ ಹಾಕಿ. ಅದರ ಜೊತೆ ವಿದ್ಯಾರ್ಥಿಗಳ ಟಿಕೆಟ್ ದರ ಏರಿಸಬೇಡಿ ಅಂತ ಒಂದು ಸಾಲು ಬರೆಯಿರಿ. ಅದನ್ನು ಮರೆಯಬೇಡಿ.

ನಾನು ರಿಂಕ್‌ಗೆ ಒಂದು ಟಿಕ್, ಕಪ್ ಆಟಕ್ಕೆ ಐದು ಜನರ ಓವರ್‌ಟೈಮ್ ಅನ್ನುವುದಕ್ಕೆ ಒಂದು ಟಿಕ್ ಹಾಕಿದೆ. ಕೊನೆಯಲ್ಲಿ "ಬೇರೆ ಸಲಹೆ" ಅಂತ ಖಾಲಿ ಜಾಗ ಇತ್ತು. ಅಲ್ಲಿ ಹೀಗೆ ಬರೆದೆ: ಮೊದಲ ಸಲ ಬಂದವರಿಗೆ ಹೊರಗೆ ಹೋಗುವ ಬಾಗಿಲಲ್ಲೇ ಅದೇ ತಿಂಗಳ ಇನ್ನೊಂದು ಆಟದ ಟಿಕೆಟನ್ನು ಅರ್ಧ ಬೆಲೆಗೆ ಕೊಡಿ. ಸೀಟು ಬ್ಯಾಂಡಿನ ಪಕ್ಕ ಇರಲಿ.